ಸೊಟ್ಟಬಾಲದ ದಾರಿ

ಕಚೇರಿಯಲ್ಲಿ ಎಲ್ಲರಿಗೂ ಅವಳು ನಕ್ಷೆ ಅಕ್ಕ. ಕಾಡುಪ್ರಾಣಿಗಳು ಎಲ್ಲೆಲ್ಲಿ ಓಡಾಡುತ್ತವೆ ಎಂದು ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದು ಅವಳ ಕೆಲಸ. ಹಾಗಂತ ಕಾಡು ಅಲೆಯುವ ಹೆಂಗಸೇನಲ್ಲ, ಜಿಗಣೆ ಕಂಡರೆ ಮಾರು ದೂರ ಹಾರುವ ಜೀವ.

ಆದರೆ ಸೊಟ್ಟಬಾಲ ಎಂಬ ಹೆಣ್ಣು ಚಿರತೆಯೆಂದರೆ ಅವಳಿಗೆ ಪಂಚಪ್ರಾಣ. ಅದರ ಕೊರಳಿಗೆ ಕಟ್ಟಿದ್ದ ಜಿಪಿಎಸ್ ಪಟ್ಟಿ ದಿನಕ್ಕೆ ನಾಲ್ಕಾರು ಬಾರಿ ತಾನಿರುವ ಜಾಗ ತಿಳಿಸುತ್ತಿತ್ತು. ಆಗೆಲ್ಲ ಪರದೆಯ ಮೇಲೆ ಒಂದು ಚುಕ್ಕಿ. ಬೆಳಿಗ್ಗೆ ಬಂದವಳು ಬ್ಯಾಗು ಕೆಳಗಿಡುವ ಮೊದಲೇ ಆ ಚುಕ್ಕಿ ನೋಡಬೇಕು. "ಗಂಡನ ಮನೆಗೆ ಹೋದ ಮಗಳ ಫೋನಿಗೆ ಕಾಯೋ ಹಾಗೆ ಕಾಯ್ತೀರಲ್ಲ ಅಕ್ಕ," ಎಂದು ಪಕ್ಕದ ಮೇಜಿನ ಸರ್ವೇಯರ್ ಕಾಲೆಳೆಯುತ್ತಿದ್ದ.

ಕಾಡಂಚಿನ ಹೆದ್ದಾರಿ ಅಗಲವಾಗುವುದಿತ್ತು. ಪ್ರಾಣಿಗಳು ದಾಟಲೆಂದು ರಸ್ತೆಯಡಿ ಒಂದು ಸುರಂಗ, ಒಂದೇ ಒಂದು. ಎಲ್ಲಿ ಎಂದು ಅಕ್ಕನೇ ಹೇಳಬೇಕಿತ್ತು. ಅವಳು ಚುಕ್ಕಿಗಳನ್ನು ಗೆರೆಯಿಂದ ಜೋಡಿಸಿದಳು. ಗೆರೆಗಳೆಲ್ಲ ಹಳ್ಳದ ತಿರುವಿನಲ್ಲಿ ರಸ್ತೆ ದಾಟುತ್ತಿದ್ದವು. ಎಂಜಿನಿಯರ್ ಅಲ್ಲೇ ಗೂಟ ನೆಡಿಸಿದರು.

ನೋಡಿಬಿಡೋಣವೆಂದು ತಿರುವಿನಲ್ಲಿ ಕ್ಯಾಮೆರಾ ಕಟ್ಟಿಸಿದರೆ, ಸಿಕ್ಕಿದ್ದು ಬೀದಿನಾಯಿಗಳು ಮತ್ತು ಕುಡಿದು ವಾಲಾಡುವ ಒಬ್ಬ ಸೈಕಲ್ ಸವಾರ. ಸೊಟ್ಟಬಾಲದ ಸುಳಿವೇ ಇಲ್ಲ. ಅಕ್ಕ ಮತ್ತೆ ನಕ್ಷೆ ತೆರೆದಳು. ಚುಕ್ಕಿಗಳು ಚಿರತೆಯವು, ಅವುಗಳ ನಡುವಿನ ನೇರ ಗೆರೆ ತಾನು ಎಳೆದದ್ದು. ಒಂದು ಚುಕ್ಕಿಗೂ ಇನ್ನೊಂದಕ್ಕೂ ನಡುವೆ ಅದು ಎಲ್ಲಿ ಸುತ್ತಿ ಬಂದಿತೋ ಯಾರು ಕಂಡರು?

ಸರಿಪಡಿಸಲು ಒಂದೇ ದಾರಿ. ಪಟ್ಟಿ ನಿಮಿಷ ನಿಮಿಷಕ್ಕೂ ಜಾಗ ಹೇಳುವಂತೆ ಮಾಡಬೇಕು. ಆಗ ಇನ್ನೊಂದು ವರ್ಷ ಬರಬೇಕಾದ ಬ್ಯಾಟರಿ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಮತ್ತೆ ಅರಿವಳಿಕೆ ಕೊಟ್ಟು ಹೊಸ ಪಟ್ಟಿ ಕಟ್ಟೋಣವೆಂದರೆ ಸೊಟ್ಟಬಾಲಕ್ಕೆ ವಯಸ್ಸಾಗಿತ್ತು.

ಸಂಜೆ ಗಂಡ ಬೆಳ್ಳುಳ್ಳಿ ಬಿಡಿಸುತ್ತಿದ್ದ. ಅಕ್ಕ ಎದುರು ಕೂತಳು.

"ಬ್ಯಾಟರಿ ಉಳಿಸಿದ್ರೆ ಇನ್ನೊಂದು ವರ್ಷ ಕಣ್ಣೆದುರು ಇರ್ತಾಳೆ ರೀ. ಖರ್ಚು ಮಾಡಿದ್ರೆ ಅವಳ ದಾರಿ ಸಿಗತ್ತೆ, ಅವಳು ಸಿಗಲ್ಲ."

"ಕಣ್ಣೆದುರು ಇದ್ದೂ ಲಾರಿಗೆ ಸಿಕ್ಕಿದ್ರೆ ಏನು ಮಾಡ್ತೀಯ?"

ಅಕ್ಕ ಅವನ ಮುಂದಿದ್ದ ಬೆಳ್ಳುಳ್ಳಿ ಎಳೆದುಕೊಂಡು ತಾನೂ ಬಿಡಿಸತೊಡಗಿದಳು.

ಮರುದಿನ ಸಾಹೇಬರ ಮುಂದೆ ನಿಂತು, "ಸರ್, ನಾನು ತೋರಿಸಿದ ಜಾಗ ತಪ್ಪು," ಎಂದಳು. ಅವರು ಗದರಿದರು, ಆಮೇಲೆ ಒಪ್ಪಿದರು. ಪಟ್ಟಿಗೆ ಆದೇಶ ಹೋಯಿತು. ಇರುವೆ ಸಾಲಿನಂತೆ ಚುಕ್ಕಿಗಳು ಬಂದವು. ಸೊಟ್ಟಬಾಲ ತಿರುವಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಇಟ್ಟಿಗೆ ಗೂಡಿನ ಹಿಂದೆ, ಗೋಡೆ ಪಕ್ಕದ ಒಣ ಚರಂಡಿಗಿಳಿದು, ಅಲ್ಲಿಂದ ರಸ್ತೆಗೆ ಹತ್ತುತ್ತಿತ್ತು. ಪ್ರತಿ ಸಲವೂ ಅದೇ ಜಾಗ. ಎಂಜಿನಿಯರ್ ಗೊಣಗುತ್ತಲೇ ಗೂಟ ಕೀಳಿಸಿ ಅಲ್ಲಿಗೆ ನೆಡಿಸಿದರು.

ಒಂದು ಮಧ್ಯಾಹ್ನ ಬ್ಯಾಟರಿ ಮುಗಿದು ಚುಕ್ಕಿಗಳು ನಿಂತುಹೋದವು. ಕೊನೆಯದು ರಸ್ತೆಯ ಆಚೆ ಬದಿಯಲ್ಲಿತ್ತು. ಕಾಯುತ್ತ ಕಾಯುತ್ತ ಅಕ್ಕನ ಚಹಾ ಆರಿಹೋಯಿತು. ಅವಳು ನಾಚಿಕೆ ಬಿಟ್ಟು ಅತ್ತಳು. ಸರ್ವೇಯರ್ ಅವತ್ತು ತಮಾಷೆ ಮಾಡಲಿಲ್ಲ, ಬೇರೆ ಚಹಾ ತಂದಿಟ್ಟ.

ಸುರಂಗ ಈಗ ಮುಗಿದಿದೆ. ಆ ರಸ್ತೆಯಲ್ಲಿ ಯಾವ ಪ್ರಾಣಿ ಗಾಡಿಗೆ ಸಿಕ್ಕಿ ಸತ್ತರೂ ಮೊದಲ ಫೋನ್ ಅಕ್ಕನಿಗೇ, ನಕ್ಷೆಯಲ್ಲಿ ಗುರುತು ಹಾಕುವವಳು ಅವಳೇ ತಾನೆ. ಮೊಲವೆಂದರು, ಮುಂಗುಸಿಯೆಂದರು. ಚಿರತೆ ಎಂದು ಇದುವರೆಗೆ ಯಾರೂ ಹೇಳಿಲ್ಲ. ಅಷ್ಟು ದಿನ ಸೊಟ್ಟಬಾಲದ ಸುದ್ದಿಗೆಂದು ಹಂಬಲಿಸಿದವಳು ಈಗ ಆ ಸುದ್ದಿ ಎಂದೂ ಬಾರದಿರಲಿ ಎಂದುಕೊಂಡೇ ಫೋನ್ ಎತ್ತುತ್ತಾಳೆ.