ಗಾರ್ಡ್ ಸಾಹೇಬರ ಶನಿವಾರ

ಆ ಶನಿವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಾನು ಅಜ್ಜಂಪುರದಲ್ಲಿ, ನನ್ನ ಹಿಟ್ಟಿನ ಮಿಲ್ಲಿನ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದೆ. ಎದುರು ಮನೆಯ ಅಂಗಳದಲ್ಲಿ ಗಾರ್ಡ್ ಸಾಹೇಬರು ನಿಂತಿದ್ದರು. ಒಂದು ಕಾಲಿಗೆ ಚಪ್ಪಲಿ ಇರಲಿಲ್ಲ. ಬಿಳಿ ಕೂದಲಲ್ಲಿ ಕಿಟಕಿಯ ಗಾಜಿನ ಚೂರುಗಳು ಸಿಕ್ಕಿಕೊಂಡು ಬಿಸಿಲಿಗೆ ಹೊಳೆಯುತ್ತಿದ್ದವು. ಅವರು ತಲೆ ಕೊಡವಲಿಲ್ಲ. ಎಡಗೈ ಎತ್ತಿ ಗಡಿಯಾರ ನೋಡಿಕೊಂಡರು.

ಮೂವತ್ತು ವರ್ಷ ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ ಕೂತು, ಯಾವ ಸ್ಟೇಷನ್ನಿಗೆ ಎಷ್ಟು ಗಂಟೆಗೆ ಬಂದೆವು, ಎಷ್ಟಕ್ಕೆ ಬಿಟ್ಟೆವು ಎಂದು ಬರೆಯುತ್ತಾ ಬಂದವರು ಅವರು. ಯಾರಾದರೂ ಏದುಸಿರು ಬಿಡುತ್ತಾ ಸುದ್ದಿ ತಂದರೆ ಕೈ ಅಡ್ಡ ಹಿಡಿಯುತ್ತಿದ್ದರು. "ಎಲ್ಲಿ ನಿಂತಿದ್ದೆ, ಗಂಟೆ ಎಷ್ಟಿತ್ತು, ಮೊದ್ಲು ಅದ್ ಹೇಳು. ಆಮೇಲೆ ಬೇಕಾದ್ರೆ ಅಳು." ನನ್ನ ಅಪ್ಪ ತೀರಿಕೊಂಡ ದಿನವೂ ನನಗೆ ಹಾಗೇ ಅಂದರು. ನಾನು ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಅವರ ಕೈ ನನ್ನ ಹೆಗಲ ಮೇಲಿತ್ತು.

ಅವರು ಯಹೂದಿಗಳು. ಅವರ ತಾತ ರೈಲ್ವೆ ಕೆಲಸಕ್ಕೆಂದು ಕೊಂಕಣದ ಕಡೆಯಿಂದ ಬಂದವರು. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ನಮ್ಮದೇ ಕನ್ನಡ. ನಮ್ಮೂರಲ್ಲಿ ಉಳಿದಿದ್ದು ಅವರು ಮತ್ತು ಅವರ ವಿಧವೆ ತಂಗಿ. ಬೀರೂರಲ್ಲಿ ಎರಡು ಮನೆ, ತರೀಕೆರೆಯಲ್ಲಿ ಒಂದು. ಶನಿವಾರ ಪ್ರಯಾಣ ಮಾಡಬಾರದೆಂದು ಅವರೆಲ್ಲ ಶುಕ್ರವಾರ ಮಧ್ಯಾಹ್ನದ ಬಸ್ಸಿಗೇ ಹಾಸಿಗೆ ಸುತ್ತಿಕೊಂಡು ಬಂದುಬಿಡುತ್ತಿದ್ದರು. ಸಾಹೇಬರ ನಡುಮನೆಯಲ್ಲಿ ಪ್ರಾರ್ಥನೆ. ಶನಿವಾರ ಸಂಜೆ ನಕ್ಷತ್ರ ಕಾಣುವವರೆಗೆ ಒಲೆ ಹಚ್ಚುತ್ತಿರಲಿಲ್ಲ, ಒಂದಕ್ಷರ ಬರೆಯುತ್ತಿರಲಿಲ್ಲ. "ನೌಕರೀಲಿದ್ದಾಗ ಎಷ್ಟೋ ಶನಿವಾರ ಬರೀಲೇಬೇಕಾಯ್ತು ಕಣಪ್ಪಾ. ರಿಟೈರ್ ಆದ್ಮೇಲೆ ಒಂದು ಶನಿವಾರಾನೂ ಪೆನ್ ಮುಟ್ಟಿಲ್ಲ," ಅನ್ನುತ್ತಿದ್ದರು.

ವರ್ಷಕ್ಕೊಮ್ಮೆ, ಹುಳಿ ಬಾರದ ರೊಟ್ಟಿ ತಿನ್ನುವ ಅವರ ಹಬ್ಬಕ್ಕೆ ಮುಂಚೆ, ಬೆಳಿಗ್ಗೆಯೇ ಮಿಲ್ಲಿಗೆ ಬಂದು ಮಿಷನ್ನಿನ ಬಾಯಿಯನ್ನು ತಾವೇ ಗುಡಿಸುತ್ತಿದ್ದರು. ದಿನದ ಮೊದಲ ಗೋಧಿ ಅವರದ್ದೇ ಆಗಬೇಕು.

"ನಮ್ಮನೆಯೋಳು ದೇವರ ಕೋಣೇನೂ ಇಷ್ಟು ಗುಡ್ಸಲ್ಲ ಸಾಹೇಬ್ರೇ."

"ಅದುಕ್ಕೇ ನಿಮ್ ದೇವ್ರು ಸೀನ್ತಿರ್ತಾನೆ."

ಆ ವರ್ಷ ಫೋನುಗಳಲ್ಲಿ ಒಂದು ವಿಡಿಯೋ ಓಡಾಡತೊಡಗಿತು. ಅವರ ಮನೆಯ ಬಾಗಿಲು, ಒಳಗಿಂದ ಕೇಳುವ ಹಾಡು, ಕೆಳಗೆ ಒಂದು ಸಾಲು: ಇಲ್ಲಿ ವಾರವಾರ ಮತಾಂತರ ನಡೆಯುತ್ತಿದೆ. ನಾನು ಅದನ್ನು ಸಾಹೇಬರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಎರಡು ಸಲ ನೋಡಿದರು. "ನಮ್ಮೋರು ಯಾರ್ನೂ ಕರೆಯೋದೇ ಇಲ್ವಲ್ಲೋ. ನೀನಾಗಿ ಬಂದು ಸೇರ್ತೀನಿ ಅಂದ್ರೂ, ಹೋಗಯ್ಯಾ ಬೇಡ ಅಂತೀವಿ," ಎಂದು ನಕ್ಕರು. ನಾನೂ ನಕ್ಕೆ. ಅದು ಗುರುವಾರ.

ಶನಿವಾರ ಎರಡು ಬೈಕಿನಲ್ಲಿ ನಾಲ್ಕು ಜನ ಬಂದರು. ಮುಖಕ್ಕೆ ಕರ್ಚೀಫು ಕಟ್ಟಿದ್ದರು. "ಮತಾಂತರ ಮಾಡ್ತೀರೇನ್ರೋ!" ಎಂದು ಕೂಗಿದ್ದು ಒಬ್ಬನೇ. ಉಳಿದವರು ಮಾತಾಡದೆ ಕಲ್ಲೆಸೆದರು. ನಾನು ಎಣಿಸಿದ್ದು ಏಳು. ಮೂರು ಕಿಟಕಿಗೆ, ಒಂದು ಬಾಗಿಲ ತೋಳಿಗೆ ಬಡಿದಿದ್ದ, ಅವರ ಮಂತ್ರ ಬರೆದ ಚೀಟಿ ಸುತ್ತಿಟ್ಟ ಚಿಕ್ಕ ಕೊಳವೆಗೆ, ಎರಡು ಗೋಡೆಗೆ. ಕೊನೆಯದು ಹೊರಗೋಡಿ ಬಂದ ಸಾಹೇಬರ ತಂಗಿಯ ಹಣೆಗೆ. ಅದನ್ನು ಎಸೆದವನ ಕರ್ಚೀಫು ಜಾರಿತು. ಅವನು ನನ್ನ ಅಕ್ಕನ ಮಗ. ಚಿಕ್ಕಂದಿನಲ್ಲಿ ಅವನನ್ನು ಹೆಗಲ ಮೇಲೆ ಹೊತ್ತು ತಿರುಗಿದ್ದೇನೆ.

ಅವರು ಹೋದ ಮೇಲೂ ನಾನು ಮೆಟ್ಟಿಲು ಇಳಿಯಲಿಲ್ಲ. ಮೊದಲು ಓಡಿದ್ದು ಪಕ್ಕದ ಬಳೆ ಅಂಗಡಿಯ ಅಮ್ಮ. ತಮ್ಮ ದುಪಟ್ಟಾ ಎಳೆದು ಆ ಹಣೆಗೆ ಒತ್ತಿ ಹಿಡಿದರು. ತೆಂಗಿನಕಾಯಿ ಮಂಡಿಯ ಯಜಮಾನರು ಆಟೋ ನಿಲ್ಲಿಸಿದರು.

ಐದು ಗಂಟೆಗೆ ಸಬ್‌ಇನ್‌ಸ್ಪೆಕ್ಟರ್ ಬಂದು ದೂರು ಬರೆದುಕೊಡಿ ಅಂದರು. ಸಾಹೇಬರು ಕೈ ಹಿಂದಕ್ಕೆ ಕಟ್ಟಿಕೊಂಡರು.

"ಇವತ್ತು ಬರೆಯಲ್ಲ ಸಾರ್. ಕತ್ತಲಾಗ್ಲಿ, ಸ್ಟೇಷನ್ನಿಗೇ ಬತ್ತೀನಿ."

"ಅಲ್ಲೀವರೆಗೆ ಅವ್ರು ನಿಮಗೋಸ್ಕರ ಕಾಯ್ತಾ ಕೂತಿರ್ತಾರೇನ್ರೀ? ನೋಡಿದೋರು ಯಾರಾದ್ರೂ ಇದ್ರೆ ಕೊಡಿ."

ಬೀದಿ ತುಂಬ ಜನ. ಒಬ್ಬರೂ ಮುಂದೆ ಬರಲಿಲ್ಲ. ದೂರಿಗೆ ರುಜು ಹಾಕಿದರೆ ತರೀಕೆರೆ ಕೋರ್ಟಿಗೆ ವರ್ಷಗಟ್ಟಲೆ ಅಲೆಯಬೇಕು, ಇದೇ ಊರಲ್ಲಿ ಆ ಹುಡುಗರ ಮನೆಯವರ ಮುಖ ನೋಡಬೇಕು.

"ಕೊಡ್ರೀ ಇಲ್ಲಿ. ನಾನ್ ನೋಡಿದೀನಿ," ಅಂದರು ಬಳೆ ಅಂಗಡಿ ಅಮ್ಮ. ಅವರ ದುಪಟ್ಟಾ ಹೋಗಿತ್ತು, ಯಾರದೋ ಟವೆಲ್ಲು ತಲೆಗೆ ಹೊದ್ದಿದ್ದರು.

ಹಿಂದಿನಿಂದ ಯಾರೋ ಅಂದರು, "ನೀವ್ಯಾಕಮ್ಮಾ ಇದ್ರಲ್ಲಿ? ನಾಳೆ ನಿಮ್ ಅಂಗ್ಡಿಗೂ ಬಂದ್ರೆ?"

"ಬರ್ಲಿ. ಬಳೆ ತೊಡಿಸಿ ಕಳಿಸ್ತೀನಿ."

ಮಂಡಿ ಯಜಮಾನರು ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿದ್ದುದನ್ನು ಒರೆಸಿಕೊಂಡು ಎರಡನೆಯ ರುಜು ಹಾಕಿದರು. ಬೇರೆಯವರು ಮಾಂಸ ಬೇಯಿಸಿದ ಪಾತ್ರೆಯ ಊಟ ಸಾಹೇಬರ ಧರ್ಮಕ್ಕೆ ಆಗುತ್ತಿರಲಿಲ್ಲ; ಮಾಂಸದ ಪಾತ್ರೆಯೇ ಇಲ್ಲವೆಂದು ಅವರು ಹೊರಗೆ ಅನ್ನ ಉಣ್ಣುತ್ತಿದ್ದುದು ಯಜಮಾನರ ಮನೆಯಲ್ಲಿ ಮಾತ್ರ. ಆದರೆ ರುಜು ಹಾಕಿದ ಇಬ್ಬರಿಗೂ ಬಟ್ಟೆ ಕಟ್ಟಿದ ಮುಖಗಳ ಗುರುತು ಸಿಕ್ಕಿರಲಿಲ್ಲ.

ಸಬ್‌ಇನ್‌ಸ್ಪೆಕ್ಟರ್ ನನ್ನ ಕಡೆ ತಿರುಗಿದರು. "ನೀವು? ಎದುರಿಗೇ ಇದೀರಲ್ಲ."

ಸಾಹೇಬರು ನನ್ನನ್ನು ನೋಡಿದರು. ಕರ್ಚೀಫು ಜಾರಿದವನು ಯಾರೆಂದು ಅವರಿಗೂ ಗೊತ್ತಿತ್ತು. ಅದು ನನಗೆ ಅವರ ಮುಖದಲ್ಲೇ ಕಂಡಿತು. "ಅವನ್ನ ಬಿಡಿ ಸಾರ್," ಅಂದರು. "ಮಿಷನ್ ಓಡ್ತಿತ್ತು, ಒಳಗಿದ್ದ. ಅವನಿಗೇನೂ ಕಂಡಿರಲ್ಲ."

ಅಷ್ಟು ವರ್ಷದಲ್ಲಿ ಅವರ ಬಾಯಲ್ಲಿ ನಾನು ಕೇಳಿದ ಒಂದೇ ಸುಳ್ಳು ಅದು. ನನಗಾಗಿ, ನನ್ನ ಅಕ್ಕನಿಗಾಗಿ ಹೇಳಿದ್ದು. ನಾನು ಹೌದೆಂದು ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಕರೆಂಟ್ ಇರ್ಲಿಲ್ಲ ಸಾರ್," ಅಂದೆ. "ಮೂರೂವರೆಯಿಂದ ಮಿಷನ್ ನಿಂತಿತ್ತು. ನಾನು ಮೇಲಿನ ಮೆಟ್ಟಿಲಲ್ಲಿ ನಿಂತಿದ್ದೆ."

ಅಕ್ಕನ ಮಗನ ಹೆಸರು ಹೇಳಿದೆ. ರುಜು ಹಾಕಿದೆ. ನನ್ನ ಹಿಂದೆ ಆಟೋದವನು, ಚರ್ಚಿನ ಫಾದರ್, ಟೀ ಅಂಗಡಿಯವನು. "ಸಾಕ್ರೀ, ಇಷ್ಟೊಂದು ಬೇಡ," ಅಂದರು ಸಬ್‌ಇನ್‌ಸ್ಪೆಕ್ಟರ್. "ಇರ್ಲಿ ಬರ್ಕೊಳಿ," ಅಂದ ಟೀ ಅಂಗಡಿಯವನು. ಇನ್ನೊಂದು ಹಾಳೆ ತರಿಸಬೇಕಾಯಿತು. ನಕ್ಷತ್ರ ಮೂಡಿದ ಮೇಲೆ ಸಾಹೇಬರು ಸ್ಟೇಷನ್ನಿಗೆ ಹೋಗಿ ಆ ಹಾಳೆಯ ಕೊನೆಯಲ್ಲಿ ರುಜು ಹಾಕಿ, ಪಕ್ಕದಲ್ಲಿ ಗಂಟೆ ಬರೆದರು.

ಮುಂದಿನ ವಾರ ಬೀರೂರಿನವರು, ತರೀಕೆರೆಯವರು ಬರುವುದಿಲ್ಲ ಎಂದುಕೊಂಡಿದ್ದೆವು. ಬಂದರು. ಒಳಗೆ ಪ್ರಾರ್ಥನೆ ಮುಗಿಯುವವರೆಗೆ ಹೊರಗೆ ಮಂಡಿಯವರ ಬೆಂಚಿನ ಮೇಲೆ ಮಸೀದಿಯ ಹಿರಿಯರು, ಮಠದ ಕಡೆಯವರು, ಫಾದರ್ ಕೂತಿದ್ದರು. ಪೇಪರ್ ಓದುತ್ತಿದ್ದರು. ಎಷ್ಟೋ ಶನಿವಾರ ಹಾಗೇ ನಡೆಯಿತು.

ಅಕ್ಕ ಅಂದಿನಿಂದ ನನ್ನೊಡನೆ ಮಾತು ಬಿಟ್ಟಳು. ಸಾಹೇಬರು ಒಂದು ಭಾನುವಾರ ನನಗೆ ಹೇಳದೆ ಅವಳ ಮನೆಗೆ ಹೋಗಿದ್ದರಂತೆ. ಅವಳು ಬಾಗಿಲು ತೆರೆಯಲಿಲ್ಲ. ಒಂದು ಗಂಟೆ ಜಗಲಿಯ ಮೇಲೆ ಕೂತಿದ್ದು ಎದ್ದು ಬಂದರಂತೆ. ನನಗೆ ಇದನ್ನು ಹೇಳಿದ್ದು ಅವರಲ್ಲ, ಅವಳ ಪಕ್ಕದ ಮನೆಯವರು.

ಹೋದ ವರ್ಷ ಅವರು ತೀರಿಕೊಂಡರು. ಬೀರೂರಿನಲ್ಲಿ ಮಣ್ಣು ಮಾಡಿದೆವು. ಹೆಗಲು ಕೊಡಲು ಅವರವರೇ ಸಾಲದೆ ನಮ್ಮನ್ನೂ ಕರೆದರು. ಅವರು ಕೈಯಿಟ್ಟಿದ್ದ, ಅಕ್ಕನ ಮಗನನ್ನು ಹೊತ್ತಿದ್ದ ಅದೇ ಹೆಗಲು ಕೊಟ್ಟೆ. ಕೇಸು ಇನ್ನೂ ತರೀಕೆರೆ ಕೋರ್ಟಿನಲ್ಲಿದೆ. ಮಂಡಿ ಯಜಮಾನರೂ ಹೋದರು. ಅಂದು ಕಣ್ಣಾರೆ ಕಂಡವರಲ್ಲಿ ಬಳೆ ಅಂಗಡಿ ಅಮ್ಮ ಇದ್ದಾರೆ. ಸಾಹೇಬರ ತಂಗಿ ಇದ್ದಾರೆ. ಅಕ್ಕನ ಮಗ ಇದ್ದಾನೆ. ನಾನಿದ್ದೇನೆ.