ಯೋಬನ ಹೆಂಡತಿಗೆ ಹದಿನಾಲ್ಕು ಸಾಲು

ತೊಂಬತ್ತರ ದಶಕದ ನಡುವಿನಲ್ಲಿ ನಾನು ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಖೋಲಿ ಹಿಡಿದು ಕನ್ನಡ ಎಂ.ಎ. ಓದುತ್ತಿದ್ದೆ. ಅಕ್ಕ ಹುಬ್ಬಳ್ಳಿಯ ವಿದ್ಯಾನಗರದಲ್ಲಿದ್ದಳು, ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದಳು. ಶನಿವಾರ ಬಸ್ಸು ಹಿಡಿದು ಅವಳ ಮನೆಗೆ ಹೋದರೆ, ಒಲೆಯ ಮೇಲೆ ಅನ್ನಕ್ಕಿಟ್ಟು ವಾರವಿಡೀ ಬರೆದದ್ದನ್ನು ಓದಿ ಹೇಳುತ್ತಿದ್ದಳು. ಸತ್ಯವೇದದ, ಅಂದರೆ ಬೈಬಲ್ಲಿನ, ಕತೆಗಳನ್ನು ಅವಳು ಸುನೀತಗಳಾಗಿ ಬರೆಯುತ್ತಿದ್ದಳು. ಒಂದು ಕತೆಗೆ ಹದಿನಾಲ್ಕು ಸಾಲು. ಒಂದರ ಕೊನೆಯ ಸಾಲೇ ಮುಂದಿನದರ ಮೊದಲ ಸಾಲು. ಹೀಗೆ ತೋಟದಿಂದ ಹೊರಬಿದ್ದ ಗಂಡಹೆಂಡಿರ ಕತೆ ತಮ್ಮನನ್ನು ಕೊಂದ ಅಣ್ಣನ ಕತೆಗೆ ಹೆಣೆದುಕೊಳ್ಳುತ್ತಿತ್ತು, ಅದು ಪ್ರಳಯಕ್ಕೆ.

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಶುಕ್ರವಾರದ ಆರಾಧನೆ ಮುಗಿದ ಮೇಲೆ, ಚರ್ಚಿನಲ್ಲಿ ಒಂದೊಂದನ್ನು ಓದುತ್ತಿದ್ದಳು. ಭಾವ ಪುಟ್ಟ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳುತ್ತಿದ್ದರು. ಪ್ರಳಯದ ದಿನ ನಾವೆ ಹತ್ತದೆ ಉಳಿದ ನಾಯಿಗಳು ಏನಾದವು ಎಂದು ಆ ಹುಡುಗ ಕೇಳಿದ್ದಕ್ಕೆ ಅಕ್ಕ ಎರಡು ಸಾಲು ತಿದ್ದಿದ್ದಳು.

ಆ ವರ್ಷದ ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು. ಮೊದಲು ಸಾದಾ ಜ್ವರ ಅಂದರು. ಆಮೇಲೆ ಮಿದುಳಿಗೆ ಏರಿದೆ ಅಂದರು. ದವಾಖಾನೆಯಲ್ಲಿ ಅವನು ಪಕ್ಕದಲ್ಲಿ ಕೂತ ಅಕ್ಕನ ಮುಖ ನೋಡಿ, “ನರ್ಸಬಾಯಿ, ನಮ್ಮವ್ವನ್ನ ಕರೀರಿ” ಎಂದ. ಮತ್ತೆ ಮಾತಾಡಲಿಲ್ಲ.

ಮಣ್ಣು ಮಾಡಿದ ಮೇಲೆ ಚರ್ಚಿನ ಸಭಾಪಾಲಕರು ಮನೆಗೆ ಬಂದು ಪ್ರಾರ್ಥನೆ ಮಾಡಿದರು. ಒಳ್ಳೆಯ ಮನುಷ್ಯ. “ಸತ್ಯವೇದದಾಗಿನ ಯೋಬನ್ನ ನೆನಸ್ಕೋರಿ,” ಎಂದರು. “ಮಕ್ಕಳೆಲ್ಲಾ ಸತ್ರು. ಆದ್ರ ದೇವರು ಅವಗ ಮತ್ತ ಅಷ್ಟ ಮಕ್ಕಳನ್ನ ಕೊಟ್ಟಾ.”

“ಅವು ಬ್ಯಾರೆ ಮಕ್ಕಳಲ್ಲೇನ್ರಿ?” ಎಂದಳು ಅಕ್ಕ. “ಎರಡೂ ಸಲ ಹಡದಾಕಿ ಯೋಬನ ಹೇಣ್ತಿ. ಆಕಿನ್ನ ಯಾರರೆ ಕೇಳಿದ್ರೇನು?”

ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಮಾರನೆಯ ವರ್ಷ ಅಕ್ಕ ಯೋಬನ ಹೆಂಡತಿಯ ಮೇಲೆ ಬರೆದಳು. ಹೊಸ ಕೂಸಿಗೆ ಹಾಲೂಡಿಸುವಾಗ ಸತ್ತ ಕೂಸಿನ ಹೆಸರು ಬಾಯಿಗೆ ಬಂದು ನಾಲಿಗೆ ಕಚ್ಚಿಕೊಳ್ಳುವ ತಾಯಿ ಅದರಲ್ಲಿದ್ದಳು. ಆದರೆ ಅದರ ಮೊದಲ ಸಾಲು ಹಿಂದಿನ ಸುನೀತದ ಕೊನೆಯ ಸಾಲಾಗಿರಲಿಲ್ಲ.

“ಅಕ್ಕಾ, ಇಲ್ಲೆ ಕೊಂಡಿ ತಪ್ಯದ,” ಎಂದೆ.

“ತಪ್ಪಿಲ್ಲ, ಹರದದ. ಹಂಗ ಇರ್ಲಿ.”

ಅದನ್ನು ಚರ್ಚಿನಲ್ಲಿ ಓದುತ್ತಿರುವಾಗ ಹಿರಿಯರೊಬ್ಬರು ಎದ್ದು ನಿಂತರು. “ಬಾಯಾರ, ಇದು ಸತ್ಯವೇದದಾಗ ಇಲ್ರಿ. ಸಾಕ್ ಮಾಡ್ರಿ.” ಅಕ್ಕ ಕಾಗದ ಮಡಚಿ ಬಂದು ಕೂತಳು. ಭಾವ ತಲೆ ಎತ್ತಲಿಲ್ಲ. ಮನೆಗೆ ಬಂದ ಮೇಲೆ, ಚಪ್ಪಲಿ ಬಿಡುತ್ತ, ಮೆಲ್ಲಗೆ ಹೇಳಿದರು: “ಅಂವ ನನಗೂ ಮಗಾ ಇದ್ದ. ನನಗ ಹೋಗಿ ಕುಂಡ್ರಾಕ ಅದೊಂದ ಜಾಗಾ ಉಳದದ. ಅದನ್ನೂ ಕಸಗೋಬ್ಯಾಡ.”

ಎರಡು ಸಾವಿರದ ಇಸವಿಯ ಹೊತ್ತಿಗೆ ಅಕ್ಕನಿಗೆ ಮಗಳು ಹುಟ್ಟಿದಳು. ಸತ್ತ ಹುಡುಗನ ಹೆಸರನ್ನೇ ಹೆಣ್ಣು ಹೆಸರಾಗಿ ತಿರುಗಿಸಿ ಇಡೋಣವೆಂದು ಅಕ್ಕನ ಅತ್ತೆ ಹೇಳಿದರು, ಅಕ್ಕ ಒಪ್ಪಲಿಲ್ಲ. ಕೂಸಿಗಾಗಿ ಚರ್ಚಿನಲ್ಲಿ ನಡೆದ ಕೃತಜ್ಞತೆಯ ಪ್ರಾರ್ಥನೆಯಲ್ಲಿ ಸಭಾಪಾಲಕರು, ದೇವರು ಕಸಿದುಕೊಂಡದ್ದನ್ನು ತಿರುಗಿ ಕೊಟ್ಟಿದ್ದಾನೆ ಎನ್ನುತ್ತಿದ್ದಂತೆ ಅವಳು ಕೂಸನ್ನೆತ್ತಿಕೊಂಡು ಹೊರಗೆ ನಡೆದಳು. ನಾನು ಹಿಂದೆ ಓಡಿದೆ. ಕಂಪೌಂಡಿನ ಬಿಸಿಲಿನಲ್ಲಿ ಕೂಸಿನ ಮುಖಕ್ಕೆ ಸೆರಗು ಅಡ್ಡ ಹಿಡಿದು ನಿಂತಿದ್ದಳು.

“ಇಕಿ ಯಾರ ಬದ್ಲೀನೂ ಬಂದಾಕಿ ಅಲ್ಲ,” ಎಂದಳು. “ಪಾಪ, ಇಕಿಗೇನ ಗೊತ್ತು.”

ಆಮೇಲೆ ಅವಳು ಚರ್ಚಿಗೆ ಹೋಗಲಿಲ್ಲ, ಸುನೀತ ಬರೆಯಲೂ ಇಲ್ಲ. ಭಾವ ರವಿವಾರ ಮಗಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗುತ್ತಿದ್ದರು. ಅವರು ಬರುವ ತನಕ ಅಕ್ಕ ಗೇಟಿನ ಬಳಿಯೇ ಇರುತ್ತಿದ್ದಳು. ನಾನು ಧಾರವಾಡದಲ್ಲಿ ಕಾಲೇಜಿನಲ್ಲಿ ಕಲಿಸಲು ಸೇರಿದ ಮೇಲೆ, ಬರೆದಷ್ಟನ್ನಾದರೂ ಅಚ್ಚು ಹಾಕಿಸೋಣ ಎಂದು ಕೇಳಿದೆ. ಮುಂದಿನ ಕತೆ ನೀನು ಯಾವುದು ಬರೆಯಬೇಕೆಂದಿದ್ದೆ ಎಂದೂ ಕೇಳಿದೆ.

“ಎಲ್ಲಾ ಕತಿಯೊಳಗೂ ಯಾವುದರೆ ಒಂದು ಕೂಸು ಸಾಯತದ,” ಎಂದಳು. “ಮದ್ಲ ನಾ ಅದನ್ನ ನೋಡಿರಲೇ ಇಲ್ಲ.”

ಅಚ್ಚಿನ ಮಾತು ಅಲ್ಲಿಗೇ ಬಿಟ್ಟು, ಮಗಳು ಬರುವ ಹೊತ್ತಾಯಿತೆಂದು ಗೇಟಿನ ಬಳಿ ಹೋಗಿ ನಿಂತಳು.