ನಂಜನಗೂಡಿನಲ್ಲಿ ಖಾಲಿಯಿದ್ದ ಕುರ್ಚಿ

ನರಸೀಪುರದಲ್ಲಿ ಈಗ ಯಾರನ್ನು ಕೇಳಿದರೂ ಒಂದೇ ಕಥೆ. ನಂಜನಗೂಡಿನ ಕ್ರಿಕೆಟ್ ತಂಡದವರು ತಮ್ಮ ಇಪ್ಪತ್ತು ವರ್ಷದ ಉತ್ಸವಕ್ಕೆ ನಮ್ಮೂರಿನ ಮುದಿ ಜವಾನನನ್ನು ಕರೆದರಂತೆ. ಫೋಟೋ ತೆಗೆಯುವಾಗ ದೊಡ್ಡವರ ಸಾಲಿನಲ್ಲಿ ಕುರ್ಚಿ ಕೊಡುತ್ತೇವೆ ಎಂದರಂತೆ. ಅವನು, "ನನ್ನೂರನ್ನು ಮರೆತವರ ಕುರ್ಚಿಗಿಂತ ನನ್ನೂರಿನ ನೆಲವೇ ಮೇಲು" ಎಂದು ಕಾಗದ ವಾಪಸು ಮಾಡಿದನಂತೆ. ಶಾಲೆಯ ಮೇಷ್ಟ್ರು ಇದನ್ನು ಮಕ್ಕಳಿಗೆ ಸ್ವಾಭಿಮಾನದ ಪಾಠವಾಗಿ ಹೇಳುತ್ತಾರೆ.

ನನ್ನ ತಕರಾರು ಎರಡು. ಒಂದನೆಯದು, ಆ ಮುದುಕ ಮೂವತ್ತು ವರ್ಷ ತಾಲ್ಲೂಕು ಕಚೇರಿಯ ಬಾಗಿಲಲ್ಲಿ ನಿಂತವನು. ಇದಕ್ಕಿಂತ ಅದು ಮೇಲು ಎಂದು ತೂಗಿ ಮಾತಾಡುವ ಚಾಳಿ ಅವನಿಗೆ ಇರಲಿಲ್ಲ. ಅವನ ಬಾಯಿಂದ ಬರುತ್ತಿದ್ದದ್ದು "ಆಗ್ಲಿ ಬುದ್ಧಿ" ಎಂಬ ಎರಡು ಮಾತು. ಎರಡನೆಯದು, ಅವನಿಗೆ ಆ ಕುರ್ಚಿಯ ಮೇಲೆ ಕೂರಬೇಕೆಂದು ಆಸೆಯಿತ್ತು. ಅಂಥಿಂಥ ಆಸೆಯಲ್ಲ.

ಕ್ರಿಕೆಟ್ಟು ನಮ್ಮೂರಿಗೆ ಬಂದದ್ದು ಒಬ್ಬ ಅಮಲ್ದಾರರ ಸಾಮಾನಿನ ಗಾಡಿಯಲ್ಲಿ. ಎರಡು ಬ್ಯಾಟು, ನಾಲ್ಕು ಚೆಂಡು, ನೆಡುವುದಕ್ಕೆ ಆರು ಗಳ, ಒಂದೇ ಜೊತೆ ಕೈಗವಸು, ಎಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿ. ಅವರು ಗುಮಾಸ್ತರನ್ನೂ ಉಪಾಧ್ಯಾಯರನ್ನೂ ಹೊಳೆಯ ಪಕ್ಕದ ಬಯಲಿಗೆ ಎಳೆದುಕೊಂಡು ಹೋಗಿ ಆಟ ಕಲಿಸಿದರು. ಹನ್ನೊಂದನೆಯವನು ಸಿಗದಿದ್ದಾಗ ಜವಾನನನ್ನು ವಿಕೆಟ್ಟಿನ ಹಿಂದೆ ನಿಲ್ಲಿಸಿದರು. ಕೈಗವಸು ಅಮಲ್ದಾರರದು, ಇವನದು ಬರಿಗೈ. ಅವನ ಎಡಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಎರಡು ವರ್ಷ ಕಳೆದ ಮೇಲೆ ಅಮಲ್ದಾರರಿಗೆ ನಂಜನಗೂಡಿಗೆ ವರ್ಗವಾಯಿತು. ಅವರ ಸಾಮಾನಿನ ಜೊತೆ ಪೆಟ್ಟಿಗೆ ಹೋಯಿತು, ಪೆಟ್ಟಿಗೆಯ ಜೊತೆ ಆಟವೂ ಹೋಯಿತು. ನಮಗೆ ಬಯಲು ಉಳಿಯಿತು.

ಹಾಗಂತ ಅವರು ನಂಜನಗೂಡಿನಲ್ಲಿ ಕಟ್ಟಿದ ತಂಡವನ್ನು ನಮ್ಮವರು ನಮ್ಮದು ಎನ್ನುವುದನ್ನು ಬಿಡಲಿಲ್ಲ. ಅದು ಮೈಸೂರಿನವರ ಮೇಲೆ ಆಡಿದಾಗಲೆಲ್ಲ ಬುತ್ತಿ ಕಟ್ಟಿಕೊಂಡು, ನಾಲ್ಕು ಗಾಡಿ ಹೂಡಿಕೊಂಡು ಹೋಗಿ ಗಂಟಲು ಹರಿದುಕೊಂಡು ಬರುತ್ತಿದ್ದರು. ಅವರಲ್ಲಿ ಮುಕ್ಕಾಲು ಪಾಲು ಜನರಿಗೆ ಔಟಾಗುವುದು ಹೇಗೆಂದೇ ತಿಳಿಯದು.

ಉತ್ಸವದ ಕಾಗದ ಬಂದಾಗ ನಾನು ಮೈಸೂರಿನ ಕಾಲೇಜಿನಿಂದ ರಜೆಗೆ ಊರಿಗೆ ಬಂದಿದ್ದೆ. "ನಂಜನಗೂಡಿನಲ್ಲಿ ಹುಟ್ಟಿದ ನಮ್ಮ ತಂಡಕ್ಕೆ ಇಪ್ಪತ್ತು ವರ್ಷ ತುಂಬಿದ ಪ್ರಯುಕ್ತ ಅದರ ಚರಿತ್ರೆಯನ್ನು ಓದಲಾಗುವುದು" ಎಂದು ಅಚ್ಚಾಗಿತ್ತು. ಕೆಳಗೆ ಕೈಬರಹದಲ್ಲಿ: ಪೆನ್ಷನ್ ಪಡೆದು ಮೈಸೂರಿನಲ್ಲಿರುವ ಹಳೆಯ ಅಮಲ್ದಾರರು ಬರುತ್ತಾರೆ, ಮೊದಲಿನ ತಂಡದ ಜವಾನನನ್ನು ಕರೆಸಲು ಹೇಳಿದ್ದಾರೆ, ಅವನಿಗೆ ಮುಂದಿನ ಸಾಲಿನಲ್ಲಿ ಕುರ್ಚಿಯಿರುತ್ತದೆ. ಮುದುಕ ಅದನ್ನು ನನ್ನಿಂದ ಎರಡು ಸಲ ಓದಿಸಿದ.

"ಕುರ್ಚಿ ಅಂತ್ಲೇ ಬರದವ್ರಾ ಬುದ್ಧಿ? ಬೆಂಚಲ್ವಾ?"

"ಕುರ್ಚಿ."

ಮಾರನೆಯ ದಿನವೇ ಕಚೇರಿಯ ಹಳೆಯ ಕೋಟಿಗೆ ಬಣ್ಣ ಹಾಕಿಸಿದ. ಎದೆಯ ಮೇಲೆ ಜವಾನನ ಬಿಲ್ಲೆಯಿದ್ದ ಜಾಗ ಮಾಸದೆ ದುಂಡಗೆ ಉಳಿದಿತ್ತು. ಅದು ಫೋಟೋದಲ್ಲಿ ಕಾಣಬಾರದಲ್ಲ.

ಹೋಗಬೇಕೋ ಬೇಡವೋ ಎಂದು ತೀರ್ಮಾನಿಸಲು ಭಾನುವಾರ ಅಕ್ಕಿ ಮಂಡಿಯಲ್ಲಿ ಸೇರಿದರು. ಮಂಡಿಯ ಯಜಮಾನರು ಶುರು ಮಾಡಿದರು. "ಹೋಗೋದೇ ಸರಿ ಕಣ್ರಪ್ಪ. ಮಗಳ್ನ ಕೊಟ್ಟ ಮನೆ ಅದು. ಅವರು ಮರ್ಯಾದೆ ಕೊಡ್ಲಿ ಬುಡ್ಲಿ, ಸೀಮಂತಕ್ಕೆ ಹೋಗ್ದೆ ಇರಕಾಯ್ತದಾ?"

ಅವರು ಹೋಗೋಣ ಎಂದದ್ದರಿಂದ ನಾನು ಬೇಡ ಎಂದೆ. ಬೇಡ ಎಂದಿದ್ದರೆ ಹೋಗೋಣ ಎನ್ನುತ್ತಿದ್ದೆ. ಮೈಸೂರಿನ ಚರ್ಚಾಕೂಟದಲ್ಲಿ ನನಗೆ ಕಲಿಸಿದ್ದೇ ಹಾಗೆ: ಪಕ್ಷ ಮೊದಲು, ನಂಬಿಕೆ ಆಮೇಲೆ, ಬಿಡುವಿದ್ದರೆ.

"ಮಗಳನ್ನ ಕೊಟ್ಟ ಮನೆಯಲ್ಲ ಯಜಮಾನ್ರೇ, ಮಗಳು ಓಡಿಹೋದ ಮನೆ ಇದು. ಓಡಿಹೋದವಳ ಸೀಮಂತಕ್ಕೆ ಮಡಿಲಕ್ಕಿ ಹೊತ್ಕೊಂಡು ಹೋಗ್ತೀರಾ?"

ಜನ ನಕ್ಕರು. ಯಜಮಾನರು ಎಲೆಯಡಿಕೆ ಚೀಲ ಹುಡುಕತೊಡಗಿದರು.

ಮೇಷ್ಟ್ರು ಮೆಲ್ಲಗೆ, "ನಮ್ಮವನೊಬ್ಬನಿಗೆ ಕುರ್ಚಿ ಕೊಡ್ತಾ ಇದಾರಲ್ಲಪ್ಪ" ಎಂದರು.

"ಮೇಷ್ಟ್ರೇ, ತಂಡ ಹುಟ್ಟಿದ್ದು ನಂಜನಗೂಡಿನಲ್ಲಾದರೆ ನರಸೀಪುರದ ಇವನು ಮೊದಲಿನ ತಂಡದವನು ಹೇಗಾದ? ಇವನು ಮೊದಲಿನ ತಂಡದವನಾದರೆ ಅದು ನಂಜನಗೂಡಿನಲ್ಲಿ ಹೇಗೆ ಹುಟ್ಟಿತು? ಎರಡರಲ್ಲಿ ಒಂದು ಸುಳ್ಳು. ಇವನು ಹೋಗಿ ಕೂತರೆ ಆ ಸುಳ್ಳಿಗೆ ನಮ್ಮೂರಿನ ರುಜು ಬಿದ್ದಂತೆ."

ಮುದುಕ ಅಕ್ಕಿ ಮೂಟೆಗಳ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. "ನೀನೇನಂತೀಯಪ್ಪ?" ಎಂದು ಯಜಮಾನರು ಕೇಳಿದರು.

"ಒಂದ್ಗಳಿಗೆ ಕೂತು ಬಂದ್ಬುಡ್ತೀನಿ ಬುದ್ಧಿ. ಫೋಟ ತಗೆಯೋಗಂಟ. ಆಮ್ಯಾಕೆ ಎದ್ಬುಡ್ತೀನಿ."

ಜನರ ಮುಖ ಸಡಿಲವಾದದ್ದು ನನಗೆ ಕಂಡಿತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ನಾನು ಸೋಲುತ್ತಿದ್ದೆ. ತರ್ಕದಿಂದ ಇನ್ನು ಆಗದು ಎಂದು ತಿಳಿದು ಮುದುಕನ ಕಡೆ ತಿರುಗಿದೆ.

"ನಿನಗೆ ಕೂತು ಅಭ್ಯಾಸ ಉಂಟೇನಯ್ಯ? ಅಮಲ್ದಾರರು ಕೆಮ್ಮಿದರೆ ಸಾಕು, ಎದ್ದು ನಿಲ್ತೀಯ. ಫೋಟೋದಲ್ಲಿ ನಿನ್ನ ಸೊಂಟ ಮಾತ್ರ ಬರುತ್ತೆ."

"ಅಮಲ್ದಾರ್ರು ಯಾಕೆ ಬೇಕು, ಅವ್ರ ನಾಯಿ ಕೆಮ್ಮುದ್ರೂ ಎದ್ದಾನು" ಎಂದು ಹಿಂದಿನಿಂದ ಒಬ್ಬ ಸೇರಿಸಿದ. ಇನ್ನೊಬ್ಬ ಮಂಡಿಯ ಬಾಗಿಲಿನ ಆಚೆ ಹೋಗಿ, ದೊಡ್ಡ ಅಧಿಕಾರಿಯ ಹಾಗೆ ಗಂಟಲು ಸರಿಮಾಡಿಕೊಂಡು ಎರಡು ಸಲ ಕೆಮ್ಮಿದ.

ಮುದುಕ ಎದ್ದು ನಿಂತ.

ಅವನು ಎದ್ದದ್ದು ಅವನಿಗೇ ತಿಳಿದಿರಲಿಲ್ಲ. ಕೈ ಎರಡೂ ಮುಂದಕ್ಕೆ ಬಂದು ಕಟ್ಟಿಕೊಂಡಿದ್ದವು. ಆ ನಗೆಯನ್ನು ನಾನು ಆಮೇಲೆ ಯಾವ ಸಭೆಯಲ್ಲೂ ಕೇಳಿಲ್ಲ. ಯಜಮಾನರು ಕಣ್ಣೊರೆಸಿಕೊಂಡರು, ಮೇಷ್ಟ್ರು ಮೂಟೆಗೆ ಒರಗಿಬಿಟ್ಟರು. ಊರಿನಿಂದ ಯಾರೂ ಹೋಗಕೂಡದು ಎಂದು ಆ ನಗೆಯಲ್ಲೇ ತೀರ್ಮಾನವಾಯಿತು. ಮುದುಕ ನಿಂತುಕೊಂಡೇ "ಆಗ್ಲಿ ಬುದ್ಧಿ" ಎಂದ.

ನಾನು ಹೋದೆ. ರಜೆ ಮುಗಿದು ಮೈಸೂರಿಗೆ ಹೊರಡಬೇಕಾಗಿತ್ತು. ನೇರ ದಾರಿ ಬಿಟ್ಟು ನಂಜನಗೂಡಿನಲ್ಲಿ ರೈಲು ಹಿಡಿಯುತ್ತೇನೆಂದು ಮನೆಯಲ್ಲಿ ಹೇಳಿದೆ. ಎದುರು ಪಕ್ಷದ ವಾದವನ್ನೂ ಕೇಳಬೇಕು ಎಂದು ನನಗೆ ನಾನು ಹೇಳಿಕೊಂಡೆ. ಸೋತವರ ಮುಖ ನೋಡುವ ಆಸೆ ಎಂದರೂ ಸರಿಯೇ.

ಅಲ್ಲಿ ಯಾರ ಮುಖವೂ ಸೋತಿರಲಿಲ್ಲ. ಮುಂದಿನ ಸಾಲಿನಲ್ಲಿ ಏಳು ಕುರ್ಚಿ, ನಡುವೆ ಹಳೆಯ ಅಮಲ್ದಾರರು, ಅವರ ಬಲಕ್ಕೆ ಒಂದು ಖಾಲಿ. ಅವರಿಗೆ ಕಣ್ಣು ಮಂಜಾಗಿತ್ತು. ಖಾಲಿ ಕುರ್ಚಿಯನ್ನು ಕೈಯಿಂದ ತಡವಿ, "ನನ್ನ ಜವಾನ ಬರಲಿಲ್ಲವೇ?" ಎಂದರು. ತಂಡದ ಕಾರ್ಯದರ್ಶಿ ನನ್ನನ್ನು ಹಿಡಿದು ಮುಂದೆ ತಂದ. "ಇವರು ನರಸೀಪುರದವರು, ಇವರಿಗೆ ಗೊತ್ತಿರಬೇಕು."

ಊರು ಬೇಡ ಎಂದಿತು ಎನ್ನಬಹುದಿತ್ತು. ನಾನೇ ಬೇಡ ಎನ್ನಿಸಿದೆ ಎನ್ನಬಹುದಿತ್ತು. ಎರಡೂ ನಿಜ, ಎರಡೂ ಸಪ್ಪೆ. ಸುತ್ತ ನೂರು ಜನ ಕೇಳುತ್ತಿದ್ದರು.

"ನನ್ನೂರನ್ನು ಮರೆತವರ ಕುರ್ಚಿಗಿಂತ ನನ್ನೂರಿನ ನೆಲವೇ ಮೇಲು ಅಂದುಬಿಟ್ಟ, ಸ್ವಾಮಿ."

ಹಿಂದಿನಿಂದ ಯಾರೋ ಭೇಷ್ ಎಂದರು. ಅಮಲ್ದಾರರು ಕುರ್ಚಿಯ ಮೇಲಿನ ಕೈ ತೆಗೆದರು. "ಈ ಊರು ಕರೆದದ್ದಲ್ಲ, ನಾನು ಕರೆದದ್ದು" ಎಂದರು. ಆಮೇಲೆ ಕಾರ್ಯದರ್ಶಿಗೆ, "ಚರಿತ್ರೆಯಲ್ಲಿ ಅವನ ವಿಷಯ ಬರೆಸಿದ್ದೆನಲ್ಲ, ಅದನ್ನು ಓದಬೇಡಿ" ಎಂದರು. ಅಷ್ಟರಲ್ಲಿ ಫೋಟೋದವನು ಬಿಸಿಲು ಇಳಿಯುತ್ತದೆ, ಸಾಲಿನಲ್ಲಿ ಹಲ್ಲು ಬಿದ್ದ ಹಾಗೆ ಕಾಣುತ್ತದೆ, ಯಾರಾದರೂ ಕೂತುಕೊಳ್ಳಿ ಎಂದು ಅವಸರ ಮಾಡಿದ. ನಾನು ಕೂತೆ.

ಮುಂದಿನ ರಜೆಗೆ ಬರುವ ಹೊತ್ತಿಗೆ ಆ ಮಾತು ನನಗಿಂತ ಮೊದಲೇ ಊರಿಗೆ ಬಂದಿತ್ತು. ಮಂಡಿಯಲ್ಲಿ ಬಿದ್ದು ಬಿದ್ದು ನಕ್ಕವರೇ ಅದನ್ನು ಎದೆಯುಬ್ಬಿಸಿ ಹೇಳುತ್ತಿದ್ದರು. ಕೆಮ್ಮಿದವನಂತೂ ಮುದುಕ ಹಾಗೆಂದದ್ದನ್ನು ತಾನೇ ಕಿವಿಯಾರೆ ಕೇಳಿದೆ ಎನ್ನುತ್ತಿದ್ದ.

ಮುದುಕ ನಮ್ಮ ಮನೆಯ ಹತ್ತಿರ ಬಂದ. ಜಗಲಿಯ ಮೇಲೆ ಕೂರು ಎಂದರೆ ಕೂರಲಿಲ್ಲ. ವರ್ಷಕ್ಕೊಮ್ಮೆ ಮೈಸೂರಿಗೆ ನಡೆದು ಹೋಗಿ ಹಳೆಯ ಅಮಲ್ದಾರರ ಕಾಲಿಗೆ ಬಿದ್ದು ಬರುವುದು ಅವನ ಪದ್ಧತಿ. ಈ ಸಲವೂ ಹೋಗಿದ್ದ. ಅವರು ಹೊರಗೆ ಬರಲಿಲ್ಲ. ನಿನ್ನೂರಿನ ನೆಲವೇ ಮೇಲಾದರೆ ಅಲ್ಲೇ ಇರು ಎಂದು ಅಡುಗೆಯವನ ಕೈಲಿ ಹೇಳಿ ಕಳಿಸಿದರಂತೆ. ಎರಡು ದಿನ ಗೇಟಿನ ಹತ್ತಿರ ನಿಂತಿದ್ದು ವಾಪಸು ಬಂದನಂತೆ.

"ಫೋಟದಲ್ಲಿ ಅವ್ರ ಪಕ್ಕ ನೀವಿದ್ದೀರಂತೆ" ಎಂದ. "ನಾನು ಅಂಗಂದೆ ಅಂತ ಅವ್ರಿಗೆ ಯಾರು ಏಳಿದ್ದು ಬುದ್ಧಿ?"